ಸದ್ದಿಲ್ಲದ ಸಿಪಿಯು ಕೂಲರ್: ಯಾವ ಕಂಪ್ಯೂಟರ್‌ಗೆ ಯಾವುದು ಸರಿ?

ಪ್ರೊಸೆಸರ್ (ಸಿಪಿಯು) ಜೊತೆಗೆ ಬರುವ ಕೂಲರ್ ಕೆಲಸಕ್ಕೆ ಬಾರದ್ದು ಅಂತೇನಿಲ್ಲ. ಚಿಪ್ ಮಿತಿ ಮೀರಿ ಬಿಸಿಯಾಗದ ಹಾಗೆ ಅದು ನೋಡಿಕೊಳ್ಳುತ್ತದೆ. ಆದರೆ ಅಷ್ಟು ಮಾಡಲು ಅದರ ಪುಟ್ಟ ಫ್ಯಾನ್ ಕಿರುಚಿಕೊಳ್ಳಬೇಕು. ವಿಡಿಯೊ ರೆಂಡರ್‌ಗೆ ಹಾಕಿದರೆ ಸದ್ದು, ಗೇಮ್ ಶುರು ಮಾಡಿದರೆ ಸದ್ದು, ಕೆಲವೊಮ್ಮೆ ಸುಮ್ನೆ ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೂ ಸದ್ದು. ಹೊಸ ಕೂಲರ್ ಹುಡುಕುವವರಲ್ಲಿ ಹೆಚ್ಚಿನವರು ಇದಕ್ಕೇ ಬೇಸತ್ತಿರುತ್ತಾರೆ.

ಹುಡುಕಲು ಹೊರಟರೆ ಇನ್ನೊಂದು ತಲೆನೋವು. ಮಾಡೆಲ್‌ಗಳು ಲೆಕ್ಕವಿಲ್ಲದಷ್ಟಿವೆ, ಮುಕ್ಕಾಲು ಪಾಲು ಪೆಟ್ಟಿಗೆಗಳ ಮೇಲೆ 'ಸೈಲೆಂಟ್' ಅಂತ ಅಚ್ಚಾಗಿರುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪ್ರೊಸೆಸರ್‌ಗೆ ಬೇಕಾದ್ದಕ್ಕಿಂತ ಒಂದು ಮೆಟ್ಟಿಲು ದೊಡ್ಡ ಕೂಲರ್ ತೆಗೆದುಕೊಂಡು, ಅದರ ಫ್ಯಾನನ್ನು ನಿಧಾನವಾಗಿ ಓಡಿಸಿ. ಸದ್ದು ಕಡಿಮೆಯಾಗಲು ಇದಕ್ಕಿಂತ ನಂಬಿಕೆಯ ದಾರಿ ಇಲ್ಲ. ಉಳಿದದ್ದೆಲ್ಲ ಆ 'ಒಂದು ಮೆಟ್ಟಿಲು' ಎಲ್ಲಿದೆ ಅಂತ ಕಂಡುಹಿಡಿಯುವ ಲೆಕ್ಕ.

ದುಡ್ಡು ಬಿಚ್ಚುವ ಮೊದಲು ಸದ್ದು ನಿಜಕ್ಕೂ ಸಿಪಿಯು ಕೂಲರ್‌ನಿಂದಲೇ ಬರುತ್ತಿದೆಯೇ ನೋಡಿಕೊಳ್ಳಿ. ಮದರ್‌ಬೋರ್ಡ್‌ನ ಬಯಾಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟ) ಹೋಗಿ, ಸಿಪಿಯು ಫ್ಯಾನಿನ ವೇಗವನ್ನು ಒಂದೆರಡು ನಿಮಿಷ ಕಡಿಮೆಗೆ ಇಳಿಸಿ ಕೇಳಿಸಿಕೊಳ್ಳಿ. ಆಗಲೂ ಸದ್ದು ಹಾಗೇ ಇದ್ದರೆ ಅದು ಕ್ಯಾಬಿನೆಟ್ ಫ್ಯಾನ್, ಪವರ್ ಸಪ್ಲೈ ಅಥವಾ ಹಳೆಯ ಹಾರ್ಡ್ ಡಿಸ್ಕ್‌ನದ್ದು. ಗೇಮ್ ಆಡುವಾಗ ಮಾತ್ರ ಸದ್ದು ಬರುತ್ತದೆ ಅಂದರೆ ಗ್ರಾಫಿಕ್ಸ್ ಕಾರ್ಡ್ ಮೇಲೆ ಅನುಮಾನ ಪಡಿ. ಅದರ ಫ್ಯಾನ್ ಗದ್ದಲ ಮಾಡುತ್ತಿರುವಾಗ ಸಿಪಿಯು ಮೇಲೆ ಎಂಥ ಒಳ್ಳೆಯ ಕೂಲರ್ ಕೂರಿಸಿದರೂ ನಿಮ್ಮ ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಸದ್ದು ಎಲ್ಲಿ ಹುಟ್ಟುತ್ತದೆ

ಗಾಳಿಯಿಂದ ತಂಪು ಮಾಡುವ ಕೂಲರ್‌ನಲ್ಲಿ ತಿರುಗುವ ಭಾಗ ಒಂದೇ, ಫ್ಯಾನ್. ಪ್ರೊಸೆಸರ್ ಮೇಲೆ ಕೂರುವ ತಾಮ್ರದ ತಳ, ಅದರಿಂದ ಮೇಲೇಳುವ ಹೀಟ್‌ಪೈಪ್‌ಗಳು, ಅವುಗಳಿಗೆ ಪೋಣಿಸಿದ ತೆಳ್ಳನೆಯ ಅಲ್ಯೂಮಿನಿಯಂ ಹಾಳೆಗಳು ಅಂದರೆ ಫಿನ್‌ಗಳು, ಇವೆಲ್ಲ ಸುಮ್ಮನೆ ಕೂತೇ ಕೆಲಸ ಮಾಡುತ್ತವೆ. ಹೀಟ್‌ಪೈಪ್ ಒಳಗಿನ ಗಾಳಿ ತೆಗೆದು, ಸ್ವಲ್ಪವೇ ಸ್ವಲ್ಪ ನೀರು ಬಿಟ್ಟು ಮುಚ್ಚಿರುತ್ತಾರೆ. ತಳದ ಬಿಸಿಗೆ ಆ ನೀರು ಆವಿಯಾಗುತ್ತದೆ, ಫಿನ್‌ಗಳ ಹತ್ತಿರ ಹೋಗಿ ಮತ್ತೆ ನೀರಾಗುತ್ತದೆ. ಪೈಪಿನ ಒಳಗೋಡೆಗೆ ಅಂಟಿದ ಸಣ್ಣ ಸಣ್ಣ ರಂಧ್ರಗಳ ಪದರ ಆ ನೀರನ್ನು ಹೀರಿಕೊಂಡು ತಳಕ್ಕೆ ವಾಪಸ್ ತರುತ್ತದೆ. ಶಾಖ ಫಿನ್‌ಗೆ ತಲುಪಿದ ಮೇಲೆ ಅದನ್ನು ಒಯ್ಯುವುದು ಗಾಳಿಯ ಕೆಲಸ. ಫಿನ್‌ಗಳ ಮೈ ಎಷ್ಟು ದೊಡ್ಡದೋ ಅಷ್ಟು ನಿಧಾನದ ಗಾಳಿ ಸಾಕಾಗುತ್ತದೆ.

ಇಲ್ಲಿ ಒಂದು ಲೆಕ್ಕ ಗೊತ್ತಿದ್ದರೆ ಅರ್ಧ ಗೊಂದಲ ಕಳೆಯುತ್ತದೆ. ಫ್ಯಾನಿನ ವೇಗ ಅರ್ಧ ಮಾಡಿದರೆ ಗಾಳಿಯೂ ಹೆಚ್ಚು ಕಡಿಮೆ ಅರ್ಧ ಆಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಅನಿಸುತ್ತದೆ. ಇನ್ನೊಂದು ಕಡೆ, ಅದೇ ಥರದ ಎರಡನೇ ಫ್ಯಾನ್ ಸೇರಿಸಿದರೆ ಏರುವುದು ಬರೀ 3 ಡೆಸಿಬೆಲ್. ಹಾಗಾಗಿ ಒಂದು ಫ್ಯಾನ್ 1,500 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಇಷ್ಟು ಸುತ್ತು) ಓಡುವುದಕ್ಕಿಂತ ಅಂಥದ್ದೇ ಎರಡು ಫ್ಯಾನ್ 800ರಲ್ಲಿ ಓಡಿದರೆ ಸದ್ದು ಹತ್ತು ಡೆಸಿಬೆಲ್‌ನಷ್ಟು ಕಡಿಮೆ. ಎರಡು ಫ್ಯಾನ್ ಅಂದರೆ ಎರಡರಷ್ಟು ಗಲಾಟೆ ಅಂತ ಹೆದರುವವರು ಈ ಲೆಕ್ಕ ನೋಡಿಲ್ಲ ಅಷ್ಟೇ.

ಪೆಟ್ಟಿಗೆ ಮೇಲಿನ ಡೆಸಿಬೆಲ್ ಸಂಖ್ಯೆಯನ್ನು ಮಾತ್ರ ಹೋಲಿಕೆಗೆ ಹಿಡಿಯಬೇಡಿ. ಒಂದರ ಮೇಲೆ 24.6, ಇನ್ನೊಂದರ ಮೇಲೆ 25.6 ಅಂತ ಇದ್ದರೆ ಮೊದಲನೆಯದು ಮೆತ್ತಗೆ ಅಂತ ತೀರ್ಮಾನಿಸಲು ಆಗುವುದಿಲ್ಲ. ಪ್ರತಿ ಕಂಪನಿಯೂ ತನ್ನದೇ ಕೋಣೆಯಲ್ಲಿ, ತನಗೆ ಸರಿಕಂಡ ದೂರದಿಂದ ಅಳೆಯುತ್ತದೆ. ಮೈಕನ್ನು ಅರ್ಧ ಮೀಟರ್‌ನಿಂದ ಒಂದು ಮೀಟರ್‌ಗೆ ಸರಿಸಿದರೆ ಸಾಕು, ಮೀಟರ್ ತೋರಿಸುವ ಅಂಕಿ 6 ಡೆಸಿಬೆಲ್ ಇಳಿಯುತ್ತದೆ. ಬೇರೆ ಬೇರೆ ಕಂಪನಿಗಳ ಕೂಲರ್‌ಗಳನ್ನು ಒಬ್ಬರೇ, ಒಂದೇ ಜಾಗದಲ್ಲಿ ಅಳೆದ ಪರೀಕ್ಷೆ ಸಿಕ್ಕಿದರೆ ಅದನ್ನು ನಂಬಿ. ಅದರಲ್ಲೂ ಎಲ್ಲ ಕೂಲರ್‌ಗಳ ಸದ್ದನ್ನು ಒಂದೇ ಮಟ್ಟಕ್ಕೆ ತಂದು, ಆಗ ತಾಪ ಎಷ್ಟಿದೆ ಅಂತ ತೋರಿಸಿದ ಚಾರ್ಟ್ ಸಿಕ್ಕರೆ ಅದೇ ಚಿನ್ನ. ಫುಲ್ ಸ್ಪೀಡಿನ ಚಾರ್ಟ್ ನಿಮಗೆ ಬೇಡವೇ ಬೇಡ, ನೀವು ಆ ವೇಗದಲ್ಲಿ ಓಡಿಸುವುದೇ ಇಲ್ಲವಲ್ಲ.

ಮೊದಲು ವ್ಯಾಟ್ ನೋಡಿ

ನಿಮ್ಮ ಪ್ರೊಸೆಸರ್ ಎಷ್ಟು ವಿದ್ಯುತ್ ತಿನ್ನುತ್ತದೆಯೋ ಅಷ್ಟೂ ಕೊನೆಗೆ ಶಾಖವಾಗಿ ಹೊರಬರುತ್ತದೆ. ಆದರೆ ಪೆಟ್ಟಿಗೆಯಲ್ಲಿ ಬರೆದ ವ್ಯಾಟ್ ಪೂರ್ತಿ ಕಥೆ ಹೇಳುವುದಿಲ್ಲ. ಎಎಂಡಿಯ ಎಎಂ5 ಸಾಕೆಟ್‌ನಲ್ಲಿ (ಸಾಕೆಟ್ ಅಂದರೆ ಮದರ್‌ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ) 65 ವ್ಯಾಟ್ ಅಂತ ಬರೆದ ಚಿಪ್ ನಿಜವಾಗಿ 88 ವ್ಯಾಟ್‌ವರೆಗೆ ಎಳೆಯಬಹುದು. 105 ಅಂದರೆ 142, 170 ಅಂದರೆ 230. ಇಂಟೆಲ್‌ನ ಕೋರ್ ಐ5-12400 ಮೂಲದಲ್ಲಿ 65 ವ್ಯಾಟ್, ಟರ್ಬೊದಲ್ಲಿ, ಅಂದರೆ ಚಿಪ್ ತಾನೇ ವೇಗ ಏರಿಸಿಕೊಂಡಾಗ, 117. ಕೋರ್ ಐ9-14900ಕೆ 125ರಿಂದ ಶುರುವಾಗಿ 253ಕ್ಕೆ ಹೋಗುತ್ತದೆ. ಮದರ್‌ಬೋರ್ಡ್ ಈ ಮಿತಿಯನ್ನೂ ತೆಗೆದುಹಾಕಿದ್ದರೆ ಅದಕ್ಕೂ ಮೇಲೆ.

ಇನ್ನೊಂದು ಮಾತು. ಎಲ್ಲ ಕೆಲಸವೂ ಪೂರ್ತಿ ವ್ಯಾಟ್ ಎಳೆಯುವುದಿಲ್ಲ. ಎಎಂಡಿಯ ರೈಜನ್ 7 7800ಎಕ್ಸ್3ಡಿ ಹಾಳೆಯ ಮೇಲೆ 120 ವ್ಯಾಟ್ ಚಿಪ್, ಮಿತಿ 162. ಆದರೆ ಗೇಮ್ ಆಡುವಾಗ ಅದು ಸಾಮಾನ್ಯವಾಗಿ 100 ವ್ಯಾಟ್‌ಗಿಂತ ಕೆಳಗೇ ಇರುತ್ತದೆ. ಬರೀ ಗೇಮ್‌ಗಾಗಿ ಅದನ್ನು ಕೊಂಡವರು ಭಾರೀ ಕೂಲರ್ ಹಿಂದೆ ಬಿದ್ದರೆ ಮೂಗಿಗಿಂತ ಮೂಗುತಿ ಭಾರ. ಗಂಟೆಗಟ್ಟಲೆ ರೆಂಡರ್ ಮಾಡುವವರ, ದೊಡ್ಡ ಕೋಡ್ ಕಂಪೈಲ್ ಮಾಡುವವರ ಲೆಕ್ಕವೇ ಬೇರೆ. ಅವರ ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿಯುತ್ತವೆ.

ಕೂಲರ್‌ಗಳ ಮೇಲೆ '220 ವ್ಯಾಟ್', '260 ವ್ಯಾಟ್' ಅಂತ ಬರೆದಿರುವುದನ್ನೂ ಅಳತೆಗೋಲು ಮಾಡಿಕೊಳ್ಳಬೇಡಿ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ವಿಧಾನವೇ ಇಲ್ಲ. ನಾಲ್ಕು ಹೀಟ್‌ಪೈಪಿನ ಒಂದು ಸಣ್ಣ ಕೂಲರ್ 220 ವ್ಯಾಟ್ ತಡೆಯಬಹುದು, ಆದರೆ ಫ್ಯಾನ್ ಪೂರ್ತಿ ವೇಗದಲ್ಲಿ ಓಡುತ್ತಾ. ನಮಗೆ ಬೇಕಿರುವುದು ಅದಲ್ಲ ಅಲ್ವಾ?

ತಾಪದ ಬಗ್ಗೆಯೂ ಒಂದು ಭಯ ಬಿಡಿ. ರೈಜನ್ 7000 ಸರಣಿಯ ದೊಡ್ಡ ಚಿಪ್‌ಗಳು ಪೂರ್ತಿ ಹೊರೆ ಬಿದ್ದಾಗ 95 ಡಿಗ್ರಿಗೆ ಹೋಗಿ ಅಲ್ಲೇ ನಿಲ್ಲುವಂತೆಯೇ ಮಾಡಿದವು. ಕೂಲರ್ ಬದಲಿಸಿದರೂ ಕೆಲವೊಮ್ಮೆ 95 ಅಂತಲೇ ತೋರಿಸುತ್ತದೆ, ಯಾಕೆಂದರೆ ಸಿಕ್ಕಿದ ತಂಪನ್ನು ಚಿಪ್ ವೇಗಕ್ಕೆ ಬಳಸಿಕೊಳ್ಳುತ್ತದೆ. ಬಯಾಸ್‌ನಲ್ಲಿ ಇಕೋ ಮೋಡ್ ಹಾಕಿ ನೋಡಿ. 230 ವ್ಯಾಟಿನ ಚಿಪ್ 142ಕ್ಕೋ 88ಕ್ಕೋ ಇಳಿಯುತ್ತದೆ, ಕೆಲಸದ ವೇಗ ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಇಂಟೆಲ್‌ನಲ್ಲಿ ಪವರ್ ಲಿಮಿಟ್ ಅನ್ನು ನೀವೇ ಇಳಿಸಬಹುದು. ಕಾಸು ಖರ್ಚಿಲ್ಲದೆ ಸದ್ದು ಕಡಿಮೆ ಮಾಡುವ ದಾರಿ ಇದು. ಇದನ್ನು ಮೊದಲು ಮಾಡಿ, ಆಮೇಲೆ ಕೂಲರ್ ಅಳತೆ ಯೋಚಿಸಿ.

ಟೇಪ್ ಹಿಡಿದು ಅಳೆಯಿರಿ

ಕೊಂಡ ಕೂಲರ್ ವಾಪಸ್ ಕಳಿಸುವಂತೆ ಮಾಡುವ ಒಂದು ಕಾರಣ ಎತ್ತರ. ಕ್ಯಾಬಿನೆಟ್‌ನ ವಿವರದಲ್ಲಿ 'ಸಿಪಿಯು ಕೂಲರ್ ಗರಿಷ್ಠ ಎತ್ತರ' ಅಂತ ಒಂದು ಸಾಲು ಇರುತ್ತದೆ. ಸಾಮಾನ್ಯ ಮಿಡ್ ಟವರ್ (ಮಧ್ಯಮ ಗಾತ್ರದ) ಕ್ಯಾಬಿನೆಟ್‌ಗಳಲ್ಲಿ ಅದು 160 ಮಿ.ಮೀ. ಆಸುಪಾಸಿನಿಂದ 180ರ ಮೇಲಿನವರೆಗೂ ಇದೆ. 120 ಮಿ.ಮೀ. ಫ್ಯಾನಿನ ಕೂಲರ್‌ಗಳು 154ರಿಂದ 160ರ ಒಳಗೆ ಮುಗಿಯುತ್ತವೆ. 140ರ ಫ್ಯಾನ್ ಇರುವ ದೊಡ್ಡವು 165-168ಕ್ಕೆ ಹೋಗುತ್ತವೆ. ಈ ಹತ್ತು ಮಿ.ಮೀ. ವ್ಯತ್ಯಾಸದಲ್ಲೇ ಗಾಜಿನ ಪಕ್ಕದ ಬಾಗಿಲು ಮುಚ್ಚುವುದೋ ಇಲ್ಲವೋ ತೀರ್ಮಾನ ಆಗುವುದು.

ಎರಡನೆಯದು ರ‍್ಯಾಮ್. ಬೋಳು ರ‍್ಯಾಮ್ ಕಡ್ಡಿ ಸುಮಾರು 31 ಮಿ.ಮೀ. ಎತ್ತರ. ಬಣ್ಣದ ದೀಪ, ಲೋಹದ ಕವಚ ಸೇರಿದರೆ 40 ದಾಟುತ್ತದೆ. ಎರಡು ಗೋಪುರದ (ಫಿನ್‌ಗಳ ಎರಡು ಕಟ್ಟು ಇರುವ) ಕೂಲರ್‌ನಲ್ಲಿ ಮುಂದಿನ ಫ್ಯಾನ್ ರ‍್ಯಾಮ್ ಮೇಲೆ ಬಂದು ಕೂರುತ್ತದೆ. ನಾಕ್ಟುವಾ ಎನ್‌ಎಚ್-ಡಿ15 ಅನ್ನೇ ತೆಗೆದುಕೊಳ್ಳಿ, ಎರಡೂ ಫ್ಯಾನ್ ಇದ್ದಾಗ ಅದರ ಕೆಳಗೆ ರ‍್ಯಾಮ್‌ಗೆ ಸಿಗುವ ಜಾಗ 32 ಮಿ.ಮೀ. ಮಾತ್ರ. ಎತ್ತರದ ರ‍್ಯಾಮ್ ಇದ್ದರೆ ಫ್ಯಾನನ್ನು ಮೇಲಕ್ಕೆ ಸರಿಸಿ ಸಿಕ್ಕಿಸಬಹುದು, ಆದರೆ ಆಗ ಕೂಲರ್‌ನ ಎತ್ತರವೂ ಅಷ್ಟೇ ಬೆಳೆಯುತ್ತದೆ. 165 ಇದ್ದದ್ದು 175 ಆಗುತ್ತದೆ. ರ‍್ಯಾಮ್ ಮತ್ತು ಕ್ಯಾಬಿನೆಟ್ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಬೇಕಾಗುವುದು ಇದಕ್ಕೇ.

ಸಾಕೆಟ್ ವಿಷಯ ಈಗ ಅಷ್ಟು ಕಷ್ಟವಿಲ್ಲ. ಎಎಂಡಿಯ ಹಳೆಯ ಎಎಂ4 ಮತ್ತು ಎಎಂ5ರಲ್ಲಿ ಕೂಲರ್ ಬಿಗಿಯುವ ತೂತುಗಳ ಅಂತರ ಒಂದೇ. ಎಎಂ5ರಲ್ಲಿ ಹಿಂಬದಿಯ ಪ್ಲೇಟ್ ತೆಗೆಯಲು ಬರುವುದಿಲ್ಲ, ಹಾಗಾಗಿ ತನ್ನದೇ ಪ್ಲೇಟ್ ಬೇಕೆನ್ನುವ ಹಳೆಯ ಕೂಲರ್ ಅದಕ್ಕೆ ಕೂರುವುದಿಲ್ಲ. ಇಂಟೆಲ್‌ನ ಎಲ್‌ಜಿಎ 1700 ಮತ್ತು 1851ಕ್ಕೆ ಒಂದೇ ಜೋಡಣೆಯ ಕಿಟ್ ನಡೆಯುತ್ತದೆ. ಅದಕ್ಕೂ ಹಿಂದಿನ 1200ರ ಕಿಟ್ ನಡೆಯುವುದಿಲ್ಲ, ತೂತುಗಳ ಅಂತರ 75ರಿಂದ 78 ಮಿ.ಮೀ.ಗೆ ಬದಲಾಗಿದೆ.

ಈಗ ಆಯ್ಕೆಗಳು

ನಾಲ್ಕು ಹೀಟ್‌ಪೈಪ್, ಒಂದು ಗೋಪುರ, 120 ಮಿ.ಮೀ. ಫ್ಯಾನ್. ಡೀಪ್‌ಕೂಲ್ ಎಕೆ400, ಕೂಲರ್ ಮಾಸ್ಟರ್‌ನ ಹೈಪರ್ 212 ಬಳಗ, ಆರ್ಕ್ಟಿಕ್ ಫ್ರೀಜರ್ 36 ಎಲ್ಲ ಈ ಗುಂಪಿನವು. 88 ವ್ಯಾಟ್ ಮಿತಿಯ ರೈಜನ್‌ಗೂ, ಐ5-12400ರಂಥ ಚಿಪ್‌ಗೂ ಇವು ಧಾರಾಳವಾಗಿ ಸಾಕು. ಜೊತೆಗೆ ಬಂದ ಕೂಲರ್ ತೆಗೆದು ಇದನ್ನು ಹಾಕಿದಾಗ ಕಿವಿಗೆ ಗೊತ್ತಾಗುವ ಬದಲಾವಣೆಯೇ ಅತಿ ದೊಡ್ಡದು. ಇದರ ಮೇಲಿನ ಮೆಟ್ಟಿಲುಗಳಲ್ಲಿ ಸಿಗುವ ಲಾಭ ಸಣ್ಣದಾಗುತ್ತಾ ಹೋಗುತ್ತದೆ. ಫ್ರೀಜರ್ 36ರಲ್ಲಿ ಎರಡು ಫ್ಯಾನ್ ಇವೆ, ಹಾಗಾಗಿ ಅದನ್ನು ಇನ್ನಷ್ಟು ನಿಧಾನಕ್ಕೆ ಓಡಿಸಬಹುದು. ಜೊತೆಗೆ ಎಲ್‌ಜಿಎ 1700 ಸಾಕೆಟ್‌ಗಾಗಿ ಕಾಂಟ್ಯಾಕ್ಟ್ ಫ್ರೇಮ್ ಕೂಡ ಬರುತ್ತದೆ. ಆ ಸಾಕೆಟ್‌ನ ಕೊಂಡಿ ಪ್ರೊಸೆಸರನ್ನು ಮಧ್ಯದಲ್ಲಿ ಒತ್ತಿ ಸ್ವಲ್ಪ ಬಾಗಿಸುತ್ತದೆ, ಈ ಫ್ರೇಮ್ ಅದನ್ನು ತಪ್ಪಿಸುತ್ತದೆ. 1700 ಸಾಕೆಟ್ ಇರುವವರಿಗೆ ನಾನು ಹೇಳುವುದು ಇದನ್ನೇ.

ನಾಕ್ಟುವಾದ ಎನ್‌ಎಚ್-ಯು12ಎಸ್ ಕೂಡ ಇದೇ ಅಳತೆಯದು, 158 ಮಿ.ಮೀ. ಬೆಲೆ ಮಾತ್ರ ಮೇಲಿನ ಮೆಟ್ಟಿಲಿನದ್ದು. ಅದಕ್ಕೆ ಕೊಡುವ ಹೆಚ್ಚಿನ ಹಣ ಹೋಗುವುದು ಫ್ಯಾನಿನ ಗುಣಮಟ್ಟಕ್ಕೆ, ಸುಲಭದ ಜೋಡಣೆಗೆ, ಆರು ವರ್ಷದ ವಾರಂಟಿಗೆ. ಹೊಸ ಸಾಕೆಟ್ ಬಂದಾಗ ಹಳೆಯ ಗ್ರಾಹಕರಿಗೆ ಅವರು ಕಿಟ್ ಪುಕ್ಕಟೆ ಕೊಡುತ್ತಾ ಬಂದಿದ್ದಾರೆ. ಹತ್ತು ವರ್ಷ ಒಂದೇ ಕೂಲರ್ ಇಟ್ಟುಕೊಳ್ಳುವ ಮನಸ್ಸಿದ್ದರೆ ಅದು ದುಬಾರಿ ಅಲ್ಲ.

ಇನ್ನು ಎರಡು ಗೋಪುರದವು. ಪೇಟೆಯ ಲೆಕ್ಕವನ್ನೇ ಬದಲಿಸಿದವು ಇವು. ಹಿಂದೆ ಎರಡು ಗೋಪುರ, ಆರು ಹೀಟ್‌ಪೈಪ್ ಅಂದರೆ ಭಾರೀ ದುಡ್ಡು ಅಂತಲೇ ಅರ್ಥ. ಥರ್ಮಲ್‌ರೈಟ್‌ನ ಪಿಯರ್‌ಲೆಸ್ ಅಸಾಸಿನ್ 120 ಎಸ್‌ಇ ಬಂದ ಮೇಲೆ ಆ ಮಾತು ಹೋಯಿತು. ಆರು ಹೀಟ್‌ಪೈಪ್, ಎರಡು 120 ಮಿ.ಮೀ. ಫ್ಯಾನ್, ಎತ್ತರ 155. ಅದರ ತಮ್ಮ ಫ್ಯಾಂಟಮ್ ಸ್ಪಿರಿಟ್ 120 ಎಸ್‌ಇಗೆ ಏಳು ಹೀಟ್‌ಪೈಪ್, ಎತ್ತರ 154. ಬೆಲೆ ಒಂದು ಗೋಪುರದ ಒಳ್ಳೆಯ ಕೂಲರ್‌ಗಳ ಆಸುಪಾಸಿನಲ್ಲೇ ಇರುತ್ತದೆ. ಡೀಪ್‌ಕೂಲ್ ಎಕೆ620 ಕೂಡ ಇದೇ ಸಾಲಿನದು, ಎತ್ತರ 160. ಈ ಗುಂಪಿನಿಂದ ಒಂದನ್ನು ತೆಗೆದುಕೊಂಡು, ಅದರ ಫ್ಯಾನ್ ವೇಗ 900-1,000 ಆರ್‌ಪಿಎಂ ದಾಟದಂತೆ ಇಟ್ಟರೆ, 142 ವ್ಯಾಟ್ ಮಿತಿಯ ಚಿಪ್ ಕೂಡ ಆರಾಮವಾಗಿರುತ್ತದೆ. ಹೆಚ್ಚಿನವರಿಗೆ ನನ್ನ ಸಲಹೆ ಇಲ್ಲಿಗೇ ನಿಲ್ಲುತ್ತದೆ. ಕ್ಯಾಬಿನೆಟ್‌ಗೆ ಸುಲಭವಾಗಿ ಹಿಡಿಸುತ್ತದೆ, ಜೇಬಿಗೂ ಹಗುರ.

ಹಾಗಿದ್ದರೆ ಎನ್‌ಎಚ್-ಡಿ15, ಬಿ ಕ್ವಯಟ್‌ನ ಡಾರ್ಕ್ ರಾಕ್ ಪ್ರೊ 5 ಥರದ ದೈತ್ಯರು ಯಾರಿಗೆ? 2014ರಲ್ಲಿ ಬಂದ ಡಿ15 ವರ್ಷಗಟ್ಟಲೆ ಗಾಳಿ ಕೂಲರ್‌ಗಳ ಅಳತೆಗೋಲಾಗಿತ್ತು. 2024ರಲ್ಲಿ ಅದರ ಎರಡನೇ ತಲೆಮಾರು ಬಂತು, ಎಂಟು ಹೀಟ್‌ಪೈಪ್, 168 ಮಿ.ಮೀ. ಎತ್ತರ. ಅಗ್ಗದ ಎರಡು ಗೋಪುರಗಳಿಗೂ ಇದಕ್ಕೂ ತಾಪದಲ್ಲಿ ಕೆಲವೇ ಡಿಗ್ರಿ ಅಂತರ. ಬೆಲೆಯಲ್ಲಿ ಮೂರು ಪಟ್ಟೋ ಅದಕ್ಕೂ ಜಾಸ್ತಿಯೋ. ಬರೀ ತಾಪದ ಲೆಕ್ಕದಲ್ಲಿ ಇದು ಸೋಲುತ್ತದೆ, ಅದರಲ್ಲಿ ಮುಚ್ಚುಮರೆ ಇಲ್ಲ. ಗೆಲ್ಲುವುದು ಸದ್ದಿನ ಸ್ವಭಾವದಲ್ಲಿ. ಅಗ್ಗದ ಫ್ಯಾನ್‌ಗಳು ಕೆಲವು ವೇಗಗಳಲ್ಲಿ ಸಣ್ಣಗೆ ಗುಂಯ್‌ಗುಡುತ್ತವೆ. ಎರಡು ಫ್ಯಾನ್ ಹತ್ತಿರ ಹತ್ತಿರದ ವೇಗದಲ್ಲಿ ಓಡುವಾಗ ಸದ್ದು ಅಲೆಯಂತೆ ಏರಿ ಇಳಿಯುತ್ತದೆ, 'ವೋಂ... ವೋಂ...' ಅಂತ. ಮೀಟರ್ ಇದನ್ನು ಹಿಡಿಯುವುದಿಲ್ಲ, ರಾತ್ರಿ ಕೂತು ಬರೆಯುವವರ ಕಿವಿ ಹಿಡಿಯುತ್ತದೆ. ಡಿ15ರ ಹೊಸ ತಲೆಮಾರಿನಲ್ಲಿ ಎರಡು ಫ್ಯಾನ್‌ಗಳ ವೇಗವನ್ನು ಬೇಕಂತಲೇ ಸ್ವಲ್ಪ ಬೇರೆ ಇಟ್ಟಿರುವುದು ಇದನ್ನು ತಪ್ಪಿಸಲು. ಡಾರ್ಕ್ ರಾಕ್ ಪ್ರೊ 5ರಲ್ಲಿ ಒಂದು ಸಣ್ಣ ಸ್ವಿಚ್ ಇದೆ, ಫ್ಯಾನಿನ ಗರಿಷ್ಠ ವೇಗವನ್ನೇ ಇಳಿಸುತ್ತದೆ. ಆಡಿಯೊ ರೆಕಾರ್ಡ್ ಮಾಡುವವರು, ಸಣ್ಣ ಗುಂಯ್‌ಗೂ ಕಿರಿಕಿರಿ ಪಡುವವರು ಈ ಮೆಟ್ಟಿಲು ಹತ್ತಲಿ. ಉಳಿದವರಿಗೆ ಅಗತ್ಯವಿಲ್ಲ.

ಆದರೆ ಡಿ15ರ ತೂಕ ಫ್ಯಾನ್ ಸೇರಿ 1.3 ಕೆಜಿ. ಕಂಪ್ಯೂಟರ್ ಆಗಾಗ ಊರಿಂದೂರಿಗೆ ಸಾಗಿಸುವವರು ಯೋಚಿಸಿ. ಪಾರ್ಸೆಲ್ ಮಾಡುವುದಾದರೆ ಅದನ್ನು ಕಳಚಿಯೇ ಕಳಿಸಬೇಕು.

ಲಿಕ್ವಿಡ್ ಕೂಲರ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ, ನೀರು ಅಂದರೆ ಸದ್ದಿಲ್ಲ ಅಂತ. ನೀರು ಶಾಖವನ್ನು ಸಾಗಿಸುತ್ತದೆ ಅಷ್ಟೇ. ಅದನ್ನು ಹೊರಗೆ ಹಾಕಲು ರೇಡಿಯೇಟರ್ ಮೇಲೆ ಫ್ಯಾನ್‌ಗಳು ಬೇಕೇ ಬೇಕು. ಅದರ ಜೊತೆಗೆ ಪಂಪ್ ಇದೆ. ಕಂಪ್ಯೂಟರ್ ಆನ್ ಇರುವಷ್ಟೂ ಹೊತ್ತು ಅದು ಓಡುತ್ತಲೇ ಇರುತ್ತದೆ. ಸುಮ್ನೆ ಲೇಖನ ಓದುತ್ತಾ ಕೂತಿದ್ದರೂ ಅದರ ಸಣ್ಣ ಗುಂಯ್ ನಿಲ್ಲುವುದಿಲ್ಲ, ಅದೇ ಹೊತ್ತಿಗೆ ಒಳ್ಳೆಯ ಗಾಳಿ ಕೂಲರ್ ಇದ್ದೂ ಇಲ್ಲದಂತಿರುತ್ತದೆ. ಪೈಪ್‌ಗಳ ಮೂಲಕ ದ್ರವ ವರ್ಷಗಟ್ಟಲೆ ನಿಧಾನವಾಗಿ ಇಂಗಿಹೋಗುತ್ತದೆ. ಒಳಗೆ ಸೇರಿದ ಗಾಳಿ ಪಂಪ್‌ಗೆ ಬಂದರೆ ಗುಳುಗುಳು ಸದ್ದು. ರೇಡಿಯೇಟರನ್ನು ಮೇಲೆ ಹಾಕಬೇಕು, ಪಂಪ್ ಯಾವತ್ತೂ ಇಡೀ ಸುತ್ತಿನ ಅತಿ ಎತ್ತರದ ಜಾಗ ಆಗಬಾರದು ಅನ್ನುವುದು ಇದಕ್ಕಾಗಿಯೇ.

ಆದರೂ ಎರಡು ಕಡೆ ಲಿಕ್ವಿಡ್ ಕೂಲರ್ ಸರಿಯಾದ ಉತ್ತರ. 230-250 ವ್ಯಾಟ್ ಎಳೆಯುವ ಚಿಪ್ಪನ್ನು ಗಂಟೆಗಟ್ಟಲೆ ದುಡಿಸುವವರಿಗೆ 360 ಮಿ.ಮೀ. ರೇಡಿಯೇಟರ್ ಬೇಕು. ಆ ಮಟ್ಟದಲ್ಲಿ ಗಾಳಿ ಕೂಲರ್ ಫ್ಯಾನ್‌ಗಳು ಜೋರಾಗಲೇಬೇಕಾಗುತ್ತದೆ. ಇನ್ನೊಂದು, ಎತ್ತರ ಕಡಿಮೆ ಇರುವ ಕ್ಯಾಬಿನೆಟ್, ಆದರೆ ಮೇಲೋ ಪಕ್ಕದಲ್ಲೋ ರೇಡಿಯೇಟರ್‌ಗೆ ಜಾಗ ಇದೆ. ಅದರ ಇನ್ನೊಂದು ಗುಣವನ್ನೂ ಹೇಳಬೇಕು. ಅಷ್ಟೂ ದ್ರವ ಬಿಸಿಯಾಗಲು ಕೆಲವು ನಿಮಿಷ ಹಿಡಿಯುತ್ತದೆ, ಹಾಗಾಗಿ ಸಣ್ಣ ಹೊರೆಗಳಿಗೆ ಫ್ಯಾನ್ ಏರುವ ಅಗತ್ಯವೇ ಬೀಳುವುದಿಲ್ಲ. 240 ಮಿ.ಮೀ. ರೇಡಿಯೇಟರ್ ಮಾತ್ರ ನನಗೆ ಒಪ್ಪಿಗೆಯಾಗುವುದಿಲ್ಲ. ಒಳ್ಳೆಯ ಎರಡು ಗೋಪುರದ ಕೂಲರ್ ಅದೇ ಕೆಲಸವನ್ನು ಪಂಪ್ ಇಲ್ಲದೆ ಮಾಡುತ್ತದೆ.

ಪುಟ್ಟ ಪೆಟ್ಟಿಗೆಗಳಿಗೆ ತಗ್ಗು ಕೂಲರ್‌ಗಳಿವೆ. ನಾಕ್ಟುವಾ ಎನ್‌ಎಚ್-ಎಲ್9 ಬರೀ 37 ಮಿ.ಮೀ., ಥರ್ಮಲ್‌ರೈಟ್ ಎಎಕ್ಸ್‌ಪಿ90-ಎಕ್ಸ್47 ಅಂದರೆ 47. ಇವುಗಳಿಂದ ಪವಾಡ ನಿರೀಕ್ಷಿಸಬೇಡಿ, 65 ವ್ಯಾಟ್ ಮಿತಿ ಹಾಕಿಕೊಂಡರೆ ನೆಮ್ಮದಿ. ಫ್ಯಾನೇ ಇಲ್ಲದ ಎನ್‌ಎಚ್-ಪಿ1 ಕೂಡ ಇದೆ, 2021ರಲ್ಲಿ ಬಂದದ್ದು. ಕ್ಯಾಬಿನೆಟ್‌ನಲ್ಲಿ ಗಾಳಿ ತಾನಾಗಿ ಮೇಲೇರಲು ದಾರಿ ಇದ್ದರೆ, ಚಿಪ್ ಮೆತ್ತನೆಯದಿದ್ದರೆ ಮಾತ್ರ ಅದರ ಯೋಚನೆ ಮಾಡಿ. ನನ್ನ ಕೇಳಿದರೆ 400 ಆರ್‌ಪಿಎಂನಲ್ಲಿ ಒಂದು ಫ್ಯಾನ್ ತಿರುಗುತ್ತಿರಲಿ ಬಿಡಿ. ಕೇಳಿಸುವುದೂ ಇಲ್ಲ, ತಾಪವೂ ಹಿಡಿತದಲ್ಲಿರುತ್ತದೆ.

ಕೂಲರ್ ಒಳ್ಳೆಯದು, ಆದರೂ ಸದ್ದು ಏರಿಳಿಯುತ್ತದೆ?

ಇದು ಕೂಲರ್ ದೋಷ ಅಲ್ಲ, ಫ್ಯಾನ್ ಕರ್ವ್ (ಯಾವ ತಾಪಕ್ಕೆ ಎಷ್ಟು ವೇಗ ಅಂತ ಹೇಳುವ ಗೆರೆ) ದೋಷ. ಈಗಿನ ಪ್ರೊಸೆಸರ್‌ಗಳು ಒಂದು ಪ್ರೋಗ್ರಾಂ ತೆರೆದರೆ ಸಾಕು, ಒಂದು ಸೆಕೆಂಡ್‌ನಲ್ಲಿ 45ರಿಂದ 65 ಡಿಗ್ರಿಗೆ ಹಾರಿ ಮತ್ತೆ ಇಳಿಯುತ್ತವೆ. ಮದರ್‌ಬೋರ್ಡ್ ಪ್ರತಿ ನೆಗೆತಕ್ಕೂ ಫ್ಯಾನ್ ಏರಿಸಿ ಇಳಿಸಿ ಮಾಡುತ್ತದೆ. ಒಂದೇ ಮಟ್ಟದ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ, ಏರಿಳಿಯುವ ಸದ್ದಿಗೆ ಒಗ್ಗುವುದಿಲ್ಲ.

ಬಯಾಸ್‌ನಲ್ಲಿ ಫ್ಯಾನ್ ವಿಭಾಗ ತೆರೆದು ಮೊದಲು ಪಿಡಬ್ಲ್ಯುಎಂ ಮೋಡ್ (ನಾಲ್ಕನೇ ಪಿನ್ನಿನ ಸಂಕೇತದಿಂದ ಫ್ಯಾನ್ ವೇಗ ಹೊಂದಿಸುವ ವಿಧಾನ) ಇದೆಯೇ ನೋಡಿ. ನಾಲ್ಕು ಪಿನ್ ಫ್ಯಾನ್‌ಗೆ ಅದೇ ಸರಿ. ಆಮೇಲೆ ಗೆರೆಯನ್ನು ಹೀಗೆ ಎಳೆಯಿರಿ: 60 ಡಿಗ್ರಿವರೆಗೆ ಶೇಕಡ 30-35ರಲ್ಲಿ ಚಪ್ಪಟೆ, 75ಕ್ಕೆ ಶೇಕಡ 50, 85ಕ್ಕೆ 70, ಅಲ್ಲಿಂದ ಮೇಲೆ ಚಿಪ್‌ನ ಗರಿಷ್ಠ ತಾಪದ ಹತ್ತಿರ ನೂರು. ಅಲ್ಲೇ ಪಕ್ಕದಲ್ಲಿ ಫ್ಯಾನ್ ಎಷ್ಟು ತಡವಾಗಿ ಏರಬೇಕು, ಎಷ್ಟು ತಡವಾಗಿ ಇಳಿಯಬೇಕು ಅನ್ನುವ ಆಯ್ಕೆ ಇರುತ್ತದೆ. ಅದನ್ನು ಇರುವುದರಲ್ಲಿ ಜಾಸ್ತಿಗೆ ಹಾಕಿ. ಸೆಕೆಂಡಿನ ನೆಗೆತಗಳು ಆಗ ಫ್ಯಾನ್‌ಗೆ ಗೊತ್ತೇ ಆಗುವುದಿಲ್ಲ. ಕೊನೆಗೆ ವೇಗವನ್ನು ಶೇಕಡ ಐದೈದು ಏರಿಸುತ್ತಾ ಕಿವಿಗೊಟ್ಟು ಕೇಳಿ. ಯಾವುದೋ ಒಂದು ವೇಗದಲ್ಲಿ ಗುಂಯ್ ಅನ್ನುತ್ತಿದ್ದರೆ ಕರ್ವ್‌ನ ಚಪ್ಪಟೆ ಭಾಗ ಅದರ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ.

ಫ್ಯಾನ್ ಬೇರಿಂಗ್ ಬಗ್ಗೆ ಚಿಕ್ಕದಾಗಿ: ದ್ರವದ ಬೇರಿಂಗ್ ಇದ್ದರೆ ಒಳ್ಳೆಯದು, ಸಾದಾ ಸ್ಲೀವ್ ಬೇರಿಂಗ್ ಸವೆದ ಮೇಲೆ ಕರಕರ ಅನ್ನಲು ತೊಡಗುತ್ತದೆ. ಎರಡು ಗೋಪುರದ ಅಗ್ಗದ ಕೂಲರ್ ಕೊಂಡು, ಮುಂದೆಂದಾದರೂ ಅದರ ಫ್ಯಾನ್‌ಗಳನ್ನು ಮಾತ್ರ ಬದಲಿಸುವ ದಾರಿಯೂ ತೆರೆದೇ ಇರುತ್ತದೆ. ತಂತಿ ಕ್ಲಿಪ್ಪಿನಲ್ಲಿ ಸಿಕ್ಕಿಸಿದ ಸಾಮಾನ್ಯ ಫ್ಯಾನ್‌ಗಳು ಅವು.

ಕೂರಿಸುವಾಗ

ಎಎಂ4 ಸಾಕೆಟ್‌ನಿಂದ ಹಳೆಯ ಕೂಲರ್ ತೆಗೆಯುವವರು ಒಂದು ವಿಷಯದಲ್ಲಿ ಹುಷಾರು. ಚಿಪ್ ಮತ್ತು ಕೂಲರ್ ನಡುವೆ ಶಾಖ ದಾಟಿಸಲು ಹಚ್ಚಿದ ಪೇಸ್ಟ್ ಒಣಗಿದ್ದರೆ ನೇರ ಮೇಲಕ್ಕೆ ಎಳೆದಾಗ ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಮೊದಲು ಕಂಪ್ಯೂಟರನ್ನು ಹತ್ತು ನಿಮಿಷ ಜೋರಾಗಿ ದುಡಿಸಿ ಬಿಸಿ ಮಾಡಿ, ಆಫ್ ಮಾಡಿ ತಂತಿ ತೆಗೆದು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಸಡಿಲವಾದ ಮೇಲೆ ಎತ್ತಿ.

ಹೊಸದರ ತಳದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ತೆಗೆಯಲು ಮರೆಯಬೇಡಿ. ಪೇಸ್ಟ್ ಬಟಾಣಿ ಕಾಳಿನಷ್ಟು ನಡುವೆ ಇಟ್ಟರೆ ಸಾಕು.  ಕೂಲರ್‌ನ ಒತ್ತಡವೇ ಅದನ್ನು ಹರಡುತ್ತದೆ. ಎರಡು ಸ್ಕ್ರೂಗಳನ್ನು ಒಂದನ್ನೇ ಪೂರ್ತಿ ಬಿಗಿಯದೆ, ಅದಕ್ಕೆರಡು ಸುತ್ತು ಇದಕ್ಕೆರಡು ಸುತ್ತು ಅಂತ ಬಿಗಿಯುತ್ತಾ ಬನ್ನಿ. ಫ್ಯಾನ್ ಗಾಳಿ ಕ್ಯಾಬಿನೆಟ್‌ನ ಹಿಂಬದಿಯ ಕಡೆಗೆ ಹೋಗಬೇಕು. ಫ್ಯಾನಿನಲ್ಲಿ ಕಡ್ಡಿಗಳ ಚೌಕಟ್ಟು ಇರುವ ಬದಿಯಿಂದ ಗಾಳಿ ಹೊರಬರುತ್ತದೆ, ಅದನ್ನು ನೋಡಿ ಸಿಕ್ಕಿಸಿ. ರೈಜನ್‌ನಲ್ಲಿ ಬಿಸಿಯಾಗುವ ತುಂಡುಗಳು ಚಿಪ್‌ನ ನಟ್ಟನಡುವೆ ಇಲ್ಲ, ಒಂದು ಬದಿಗಿವೆ. ಅದಕ್ಕೆ ಸರಿಯಾಗಿ ಕೂಲರನ್ನು ಕೆಲವು ಮಿ.ಮೀ. ಸರಿಸಿ ಕೂರಿಸುವ ಪಟ್ಟಿಗಳನ್ನು ನಾಕ್ಟುವಾ, ಆರ್ಕ್ಟಿಕ್ ಎರಡೂ ಕೊಡುತ್ತವೆ. ಲಾಭ ಒಂದೆರಡು ಡಿಗ್ರಿ. ಪೆಟ್ಟಿಗೆಯಲ್ಲೇ ಬಂದಿದ್ದರೆ ಬಳಸಿ, ಅದಕ್ಕಾಗಿ ಅಲೆಯಬೇಕಿಲ್ಲ.

ಇಷ್ಟಾದರೂ ತಾಪ ಇಳಿಯದಿದ್ದರೆ ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಅದೇ ಕೆಲಸವನ್ನು ಮತ್ತೊಮ್ಮೆ ಓಡಿಸಿ ನೋಡಿ. ಯಾವ ಗಾಳಿ ಕೂಲರ್ ಆದರೂ ತನ್ನ ಸುತ್ತಲಿನ ಗಾಳಿಗಿಂತ ತಣ್ಣಗೆ ಮಾಡಲಾರದು. ಒಳಗಿನ ಗಾಳಿ ಹತ್ತು ಡಿಗ್ರಿ ಹೆಚ್ಚು ಬಿಸಿಯಿದ್ದರೆ ಚಿಪ್ಪೂ ಹತ್ತು ಡಿಗ್ರಿ ಹೆಚ್ಚು ಬಿಸಿ. ಬಾಗಿಲು ತೆಗೆದ ಕೂಡಲೇ ಐದಾರು ಡಿಗ್ರಿ ಇಳಿಯಿತು ಅಂದರೆ ಕೂಲರ್‌ದೇನೂ ತಪ್ಪಿಲ್ಲ. ಮುಂದೆ ಜಾಲರಿ ಇಲ್ಲದ, ಗಾಜು ಮುಚ್ಚಿದ ಕ್ಯಾಬಿನೆಟ್‌ಗಳಲ್ಲಿ ಇದು ಸಾಮಾನ್ಯ. ಮೊದಲು ಧೂಳಿನ ಜಾಲರಿ ಬಿಚ್ಚಿ ತೊಳೆಯಿರಿ. ಅದರಿಂದ ಸಾಲದಿದ್ದರೆ ಮುಂದೆ ಗಾಳಿ ಒಳಗೆಳೆಯುವ 140 ಮಿ.ಮೀ. ಫ್ಯಾನ್ ಒಂದನ್ನು ಹಾಕಿ 600-700 ಆರ್‌ಪಿಎಂನಲ್ಲಿ ಓಡಲು ಬಿಡಿ.